ಗೋಡೆಯ ಮೇಲಿನ ನದಿ

ಹೈದರಾಬಾದಿನ ನಮ್ಮ ಮನೆಯ ಹಾಲ್‌ನಲ್ಲಿ, ಸೋಫಾದ ಮೇಲ್ಗಡೆ ಒಂದು ಉದ್ದನೆಯ ಚಿತ್ರವಿದೆ. ಹಸಿರು, ಗುಲಾಬಿ, ಹಳದಿ ಪಟ್ಟಿಗಳು ಒಂದರ ಮೇಲೊಂದು ಸುತ್ತಿಕೊಂಡಿವೆ. ದೀಪಾವಳಿಗೆ ಬಂದಿದ್ದ ಅಮ್ಮ ನೋಡಿ, "ಇದೇನೇ, ಕಸೂತಿ ದಾರ ಸಿಕ್ಕಾದ ಹಾಗಿದೆ!" ಎಂದರು.

"ನದಿಯಮ್ಮಾ."

"ಇಷ್ಟೊಂದು ನದಿಗಳಾ?"

"ಒಂದೇ ನದಿ. ಸಾವಿರಾರು ವರ್ಷಗಳಲ್ಲಿ ಅದು ಹರಿದ ದಾರಿಗಳು."

ಆ ನದಿ ಅಮೆರಿಕದ ಮಿಸಿಸಿಪಿ. 1927ರಲ್ಲಿ ಅದು ಒಡ್ಡುಗಳನ್ನು ಒಡೆದು ನುಗ್ಗಿದಾಗ ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ನದಿಯನ್ನು ಕಟ್ಟಿಹಾಕುವ ಮೊದಲು ಅದರ ಸ್ವಭಾವ ತಿಳಿಯಬೇಕಲ್ಲವೇ? ಸೈನ್ಯದ ಎಂಜಿನಿಯರುಗಳಿಗಾಗಿ ಆ ಕೆಲಸ ಮಾಡಿದವರು ಲೂಸಿಯಾನದ ಭೂವಿಜ್ಞಾನಿ ಹೆರಾಲ್ಡ್ ಫಿಸ್ಕ್. ವಿಮಾನದಿಂದ ತೆಗೆದ ಫೋಟೊಗಳು, ಸಾವಿರಾರು ಕಡೆ ನೆಲ ಕೊರೆದು ತೆಗೆದ ಮಣ್ಣು, ಹಳೆಯ ಸರ್ವೆಗಳು, ಎಲ್ಲವನ್ನೂ ಜೋಡಿಸಿ 1944ರಲ್ಲಿ ವರದಿ ಕೊಟ್ಟರು. ಅದರಲ್ಲಿನ 15 ಹಾಳೆಗಳ ಸರಣಿಯೇ ಇಂದು ಮನೆಮನೆಯ ಗೋಡೆ ಏರಿದೆ. ಅಂದಿನ ಹರಿವು ಬಿಳಿ. 1765, 1820, 1880ರ ಹರಿವುಗಳಿಗೆ ಬೇರೆ ಬೇರೆ ಬಣ್ಣ. ಅದಕ್ಕೂ ಹಳೆಯವಕ್ಕೆ ಇನ್ನಷ್ಟು ಬಣ್ಣ. ಸರ್ಕಾರಿ ಕೆಲಸವಾದ್ದರಿಂದ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು. ನಾನೂ ಕರ್ಟನ್ನಿಗೆ ಹೊಂದುತ್ತದೆಂದೇ ಕೊಂಡವಳು!

ಫಿಸ್ಕ್ ಬಣ್ಣ ಬಳಿದದ್ದು ಅಂದಕ್ಕಲ್ಲ. ನದಿ ಬಿಟ್ಟುಹೋದ ಜಾಗದಲ್ಲಿ ಜೇಡಿ, ಮರಳು ತುಂಬಿರುತ್ತದೆ. ಅದು ಎಲ್ಲಿದೆ ಎಂದು ತಿಳಿದರೆ ದಡ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬ ಅಂದಾಜು ಸಿಗುತ್ತದೆ. ರೇಡಿಯೊಕಾರ್ಬನ್ ವಿಧಾನ ಆಗ ಇರಲಿಲ್ಲ. ಹಾಗಾಗಿ ಹಳೆಯ ಹರಿವುಗಳಿಗೆ ಅವರು ಹೇಳಿದ ಕಾಲವನ್ನು ಮುಂದಿನವರು ತಿದ್ದಿದರು. ಆದರೆ ನೀರು ತನ್ನ ಹಳೆಯ ದಾರಿಯ ಗುರುತನ್ನು ನೆಲದಲ್ಲಿ ಬಿಟ್ಟಿರುತ್ತದೆ ಎಂಬ ಮಾತು ಸುಳ್ಳಾಗಲಿಲ್ಲ.

ನಮ್ಮ ಊರಿನ ಮೂಸಿಗೂ ಇಂಥದೇ ಕಥೆಯಿದೆ. 1908ರ ಸೆಪ್ಟೆಂಬರ್ 28ರ ಪ್ರವಾಹದಲ್ಲಿ ಸುಮಾರು 15,000 ಜನ ಸತ್ತರೆಂಬ ಅಂದಾಜಿದೆ. ಅಫ್ಜಲ್‌ಗಂಜ್‌ನ ಒಂದು ಹುಣಸೆಮರ ಹತ್ತಿ ನೂರಕ್ಕೂ ಹೆಚ್ಚು ಮಂದಿ ಬದುಕಿದರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಆಗ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದ ಅವರು ನದಿಯನ್ನಷ್ಟೇ ನೋಡಲಿಲ್ಲ, ಮೇಲ್ಗಡೆಯ ಕೆರೆಗಳನ್ನೂ ಲೆಕ್ಕ ಹಾಕಿದರು. ಏಳುನೂರಕ್ಕೂ ಹೆಚ್ಚು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಮಿಸಿಸಿಪಿ ಉಕ್ಕಿದ್ದೂ ಅದೇ 1927ರಲ್ಲಿ.

ಈ ಚಿತ್ರ ನಮಗೆ ಮಾಡಿದ ಉಪಕಾರವನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಒಂದು ಫ್ಲಾಟಿಗೆ ಟೋಕನ್ ಹಣ ಕೊಟ್ಟಿದ್ದೆವು. ಒಂದು ಸಂಜೆ ಚಿತ್ರದ ಮುಂದೆ ಕಾಫಿ ಕುಡಿಯುತ್ತಿದ್ದಾಗ, ಆ ಜಾಗದ ಹಳೆಯ ಮ್ಯಾಪ್ ನೋಡೋಣ ಅನ್ನಿಸಿತು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೊ ಶೀಟ್ ಹುಡುಕಿ ಇಂದಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿದೆ. ನಮ್ಮ ಪಾರ್ಕಿಂಗ್ ಬರಬೇಕಾದ ಕಡೆ ನೀಲಿ ಬಣ್ಣದ ಒಂದು ಕುಂಟೆ! ಕಾಗದಪತ್ರವೆಲ್ಲ ಸರಿಯಾಗಿದೆ ಎಂದು ಬ್ರೋಕರ್ ವಾದಿಸಿದರು. ಯಜಮಾನರೂ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಟೋಕನ್ ಹಣ ವಾಪಸ್ ಬರಲಿಲ್ಲ.

ಆ ಫ್ಲಾಟನ್ನು ಬೇರೆ ಯಾರೋ ಕೊಂಡರು. ಅವರಿಗೂ ತಿಳಿಸಿ ಎಂದು ಬ್ರೋಕರ್‌ಗೆ ಹೇಳಿದ್ದೆ, ತಿಳಿಸಿದರೋ ಇಲ್ಲವೋ. ಜೋರು ಮಳೆಯ ರಾತ್ರಿ ಆ ಮನೆಯವರ ನೆನಪಾಗುತ್ತದೆ.

ಗೆಳತಿಯರೇ, ಮನೆ ನೋಡಲು ಹೋದಾಗ ನಾವು ಅಡುಗೆಮನೆ, ಬಾಲ್ಕನಿ, ವಾಸ್ತು ಎಲ್ಲ ನೋಡುತ್ತೇವೆ. ಆ ನೆಲದ ಹಳೆಯ ನಕ್ಷೆಯನ್ನೂ ಒಮ್ಮೆ ನೋಡಿ. ಚಿತ್ರ ಗೋಡೆಯ ಮೇಲಿರಲಿ, ನೀರು ಮನೆಯೊಳಗೆ ಬಾರದಿರಲಿ.