ಕತ್ತುನೋವಿಗೆ ಲೇಸರ್ ಚಿಕಿತ್ಸೆ: ಚರಿತ್ರೆ

ಕತ್ತಿನ ಸ್ನಾಯು ಮತ್ತು ಕೀಲುಗಳ ನೋವನ್ನು ತಗ್ಗಿಸಲು ಕಡಿಮೆ ಶಕ್ತಿಯ ಲೇಸರ್ ಕಿರಣವನ್ನು ಚರ್ಮದ ಮೇಲಿನಿಂದ ಹಾಯಿಸುವ ಈ ಭೌತಚಿಕಿತ್ಸಾ ವಿಧಾನಕ್ಕೂ, ಅಂಗಾಂಶವನ್ನು ಕೊಯ್ಯುವ ಇಲ್ಲವೇ ಸುಡುವ ಶಸ್ತ್ರಚಿಕಿತ್ಸೆಯ ಲೇಸರಿಗೂ ಹೆಸರು ಒಂದೇ ಆಗಿರುವುದು ಹಲವು ಗೊಂದಲಗಳಿಗೆ ಕಾರಣ. ಕಾವು ಕೊಡುವ ಕೆಂಪು ದೀಪವೂ ಇದಲ್ಲ. ಕಡಿಮೆ ಶಕ್ತಿಯ ಲೇಸರಿನಲ್ಲಿ ರೋಗಿಗೆ ಬಿಸಿಯ ಅನುಭವವೇ ಬಹುಮಟ್ಟಿಗೆ ಆಗುವುದಿಲ್ಲ.

ಮೊದಲ ಲೇಸರನ್ನು 1960ರಲ್ಲಿ ಥಿಯೊಡೋರ್ ಮೈಮನ್ ನಿರ್ಮಿಸಿದರು. ಹಂಗರಿಯ ವೈದ್ಯ ಎಂಡ್ರೆ ಮೆಸ್ಟರ್ 1967ರಲ್ಲಿ ಈ ಚಿಕಿತ್ಸೆಯನ್ನು ಕಂಡುಹಿಡಿದರೆಂಬ ಹೇಳಿಕೆ ಎಲ್ಲೆಡೆ ಕಾಣುವುದಾದರೂ, ಅವರು ಹುಡುಕುತ್ತಿದ್ದುದು ಗಡ್ಡೆಯನ್ನು ಕರಗಿಸುವ ಬೆಳಕನ್ನು. ಬಾಸ್ಟನ್ನಿನಲ್ಲಿ ನಡೆದಿದ್ದ ಇಂಥದೇ ಪ್ರಯೋಗವನ್ನು ಅನುಸರಿಸಿ ಇಲಿಗಳ ಮೇಲೆ ಅವರು ಬಳಸಿದ ಮಾಣಿಕ್ಯ ಲೇಸರಿನ ಶಕ್ತಿ ತೀರ ಕಡಿಮೆಯಿದ್ದುದರಿಂದ ಗಡ್ಡೆ ಕರಗಲಿಲ್ಲ. ಬದಲಿಗೆ ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು. ಅಲ್ಲಿಂದ ಗಾಯ ಮಾಯಿಸುವತ್ತ, ಬಳಿಕ ನೋವಿನತ್ತ ಸಂಶೋಧನೆ ಹೊರಳಿತು. 'ಶೀತಲ ಲೇಸರ್', 'ಕಡಿಮೆ ಮಟ್ಟದ ಲೇಸರ್' ಎಂಬ ಹೆಸರುಗಳ ಜೊತೆಗೆ 2014ರ ಸುಮಾರಿಗೆ 'ಫೋಟೊಬಯೊಮಾಡ್ಯುಲೇಷನ್', ಅಂದರೆ ಬೆಳಕಿನಿಂದ ಜೀವಕೋಶದ ಕ್ರಿಯೆಯನ್ನು ಮಾರ್ಪಡಿಸುವುದು, ಎಂಬ ಹೆಸರೂ ಸೇರಿತು.

ಕತ್ತುನೋವಿನ ಮಟ್ಟಿಗೆ ನಿಜವಾದ ತಿರುವು 2009ರದು. ರಾಬರ್ಟಾ ಚೌ ಮತ್ತು ಸಂಗಡಿಗರು 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ 16 ಪ್ರಯೋಗಗಳನ್ನೂ ಒಟ್ಟು 820 ರೋಗಿಗಳನ್ನೂ ಪರಿಶೀಲಿಸಿ, ದೀರ್ಘಕಾಲದ ನೋವು ನೋವಿನ ತೀವ್ರತೆಯನ್ನು ಗುರುತಿಸುವ 100 ಮಿಲಿಮೀಟರಿನ ಅಳತೆಗೆರೆಯಲ್ಲಿ ಸರಾಸರಿ ಸುಮಾರು 20 ಮಿಲಿಮೀಟರಿನಷ್ಟು ತಗ್ಗಿತೆಂದೂ, ಚಿಕಿತ್ಸೆ ಮುಗಿದ ಮೇಲೂ 22 ವಾರಗಳವರೆಗೆ ಗುಣ ಉಳಿಯಬಹುದೆಂದೂ ತೋರಿಸಿದರು. ಈ ಚಿಕಿತ್ಸೆಯಲ್ಲಿ ಬಳಸುವ ಅವಕೆಂಪು ಕಿರಣ ಕಣ್ಣಿಗೆ ಕಾಣದ ಕಾರಣ, ನಿಜವಾದ ಚಿಕಿತ್ಸೆ ಯಾರಿಗೆ, ಹುಸಿ ಚಿಕಿತ್ಸೆ ಯಾರಿಗೆ ಎಂಬುದನ್ನು ರೋಗಿಯಿಂದ ಮರೆಮಾಡುವುದು ಸುಲಭ. ಇಂಥ ಪ್ರಯೋಗಗಳಿಗೆ ಇದೊಂದು ಬಲ. ಆದರೆ ಅಲೆಯುದ್ದ, ಪ್ರಮಾಣ, ಅವಧಿಗಳು ಪ್ರಯೋಗದಿಂದ ಪ್ರಯೋಗಕ್ಕೆ ಬೇರೆಯಾಗಿದ್ದವು: 820–830 ನ್ಯಾನೊಮೀಟರಿನಲ್ಲಿ ಕಿರಣ ಹಾಯಿಸುವ ಒಂದೊಂದು ಬಿಂದುವಿಗೆ 0.8ರಿಂದ 9 ಜೌಲ್, 904ರಲ್ಲಿ ಗರಿಷ್ಠ ಪ್ರಮಾಣ ಅದಕ್ಕಿಂತ ಕಡಿಮೆ. ಆದ್ದರಿಂದ 'ಲೇಸರ್ ಕೊಟ್ಟರು' ಎಂದಷ್ಟೇ ಬರೆದ ದಾಖಲೆಯಿಂದ ಏನೂ ತಿಳಿಯುವುದಿಲ್ಲ. ಅಮೆರಿಕದ ಭೌತಚಿಕಿತ್ಸಕರ 2017ರ ಮಾರ್ಗಸೂಚಿ, ಕತ್ತಿನ ಚಲನೆ ಕುಂದಿದ ದೀರ್ಘಕಾಲದ ನೋವಿಗೆ ವ್ಯಾಯಾಮ ಮೊದಲಾದವುಗಳ ಜೊತೆಗೆ ಲೇಸರನ್ನೂ ಒಂದು ಆಯ್ಕೆಯಾಗಿ ಹೆಸರಿಸಿದೆ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ಊರುಗಳಿಗೆ ಈ ಚಿಕಿತ್ಸೆಯ ಲೆಕ್ಕ ಇನ್ನೊಂದು ಬಗೆಯಲ್ಲಿ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ದಿನವಿಡೀ ಬಾಗಿ ಭತ್ತ ನಾಟಿ ಮಾಡುವ, ಹೊರೆಯನ್ನು ತಲೆಯ ಮೇಲೆ ಹೊರುವ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಆಳದಲ್ಲಿ ದುಡಿಯುವ ದೇಹಗಳಲ್ಲಿ ಕತ್ತಿಗೆ ಬೀಳುವ ಭಾರ ಕಚೇರಿಯ ಕುರ್ಚಿಯವರದಕ್ಕಿಂತ ಬೇರೆ. ಒಂದು ಬಿಂದುವಿಗೆ ಬೇಕಾಗುವುದು ಕೆಲವೇ ನಿಮಿಷವಾದರೂ ಚಿಕಿತ್ಸೆ ಹಲವು ಸರದಿಗಳಲ್ಲಿ ನಡೆಯಬೇಕಾದುದರಿಂದ, ಕೂಲಿಯವರಿಗೆ ಪ್ರತಿ ಸರದಿಯೂ ಬಸ್ ಖರ್ಚು ಮತ್ತು ಕಳೆದುಹೋದ ಕೂಲಿಯ ಲೆಕ್ಕವೇ ಆಗುತ್ತದೆ. ಕೈ ಜೋಮು ಹಿಡಿದರೆ, ಬಲ ಕುಂದಿದರೆ, ಲೇಸರಿಗೆ ಮುನ್ನ ನರ ಒತ್ತಿದೆಯೇ ಎಂಬ ವೈದ್ಯಕೀಯ ತಪಾಸಣೆ ಆಗಬೇಕು. ಚಿಕಿತ್ಸೆಯ ವೇಳೆ ರೋಗಿ, ಚಿಕಿತ್ಸಕ ಇಬ್ಬರೂ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಬೇಕು.