ಉತ್ಸವಮೂರ್ತಿ ಅಂದ್ರೆ ಬರೀ ಬೊಂಬೆಯಾ?

ಆಫೀಸಿಗೆ ಹೊಸ ಮ್ಯಾನೇಜರ್ ಬಂದ ವಾರದಲ್ಲೇ ಕ್ಯಾಂಟೀನಿನಲ್ಲಿ ತೀರ್ಪು ಬಂದಿರುತ್ತೆ: "ಅಯ್ಯೋ ಬಿಡಿ ಸಾರ್, ಅವ್ರು ಉತ್ಸವಮೂರ್ತಿ ಅಷ್ಟೆ. ನಡೆಸೋರೇ ಬೇರೆ." ರಾಷ್ಟ್ರಪತಿಯಿಂದ ಹಿಡಿದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರವರೆಗೆ ಯಾರಿಗೆ ಬೇಕಾದರೂ ಅಂಟಿಸುವ ಪದ ಇದು. ಹೆಸರಿಗೆ ದೊಡ್ಡವರು, ಕೈಯಲ್ಲಿ ಅಧಿಕಾರ ಇಲ್ಲ ಅಂತ ಅರ್ಥ.

ಪದ ಬಂದದ್ದು ದೇವಸ್ಥಾನದಿಂದ. ಗರ್ಭಗುಡಿಯಲ್ಲಿ ಅಲುಗದೆ ಇರುವುದು ಮೂಲಮೂರ್ತಿ. ಪಲ್ಲಕ್ಕಿ, ತೇರು ಏರಿ ಬೀದಿಗೆ ಬರುವುದು ಲೋಹದ ಉತ್ಸವಮೂರ್ತಿ. ಹೊತ್ತವರು ನಡೆದ ಕಡೆ ಹೋಗಬೇಕಲ್ಲ, ವ್ಯಂಗ್ಯಕ್ಕೆ ಅಷ್ಟು ಸಾಕು.

ಮೈಸೂರಿನ ಇತಿಹಾಸ ನೋಡಿ. 1734ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ರಾಜ್ಯ ನಡೆಸಿದ್ದು ದಳವಾಯಿಗಳು. 1761ರಲ್ಲಿ ಅಧಿಕಾರ ಹೈದರಾಲಿಯ ಕೈಸೇರಿತು. ಸೈನ್ಯ, ಖಜಾನೆ ಎರಡೂ ಇದ್ದರೂ ಹೈದರ್ ಮೈಸೂರಿನ ರಾಜ ಅಂತ ಪಟ್ಟಕ್ಕೆ ಕೂರಲಿಲ್ಲ. 1766ರಲ್ಲಿ ಇಮ್ಮಡಿಯವರು ತೀರಿಕೊಂಡ ಮೇಲೂ ಒಬ್ಬರಾದ ಮೇಲೊಬ್ಬರಂತೆ ಮೂವರು ಒಡೆಯರನ್ನು ಕೂರಿಸಿದ್ದಾಯ್ತು. ದಸರೆ ಬಂದರೆ ಶ್ರೀರಂಗಪಟ್ಟಣದಲ್ಲಿ ಜನಕ್ಕೆ ರಾಜದರ್ಶನ. ಅಕ್ಷರಶಃ ಉತ್ಸವಮೂರ್ತಿ!

ಯಾಕೆ ಬೇಕಿತ್ತು ಈ ಉಸಾಬರಿ? ಕತ್ತಿಯಿಂದ ರಾಜ್ಯ ಹಿಡೀಬಹುದು, ಜನ ಒಪ್ಪಬೇಕಲ್ಲ.

1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡಾಗ ಟಿಪ್ಪು ಇನ್ನೊಬ್ಬರನ್ನು ಕೂರಿಸಲಿಲ್ಲ. ಕಥೆ ಮುಗೀತು ಅನ್ಕೋಬೇಕು. ಮೂರೇ ವರ್ಷ. 1799ರಲ್ಲಿ ಟಿಪ್ಪು ಮಡಿದ ಮೇಲೆ, ಗೆದ್ದ ಇಂಗ್ಲಿಷರು ಪಟ್ಟ ಕಟ್ಟಿದ್ದು ಅದೇ ಮನೆತನದ ಐದು ವರ್ಷದ ಹುಡುಗನಿಗೆ. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಆಡಳಿತ ದಿವಾನ್ ಪೂರ್ಣಯ್ಯನವರದು, ಕಣ್ಗಾವಲು ಬ್ರಿಟಿಷ್ ರೆಸಿಡೆಂಟರದು. ದೊಡ್ಡವರಾಗಿ ತಾವೇ ಆಳಿದ್ದೂ ಆಯ್ತು, 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡಿದ್ದೂ ಆಯ್ತು. ಆಮೇಲೆ ಉಳಿದದ್ದು ಬಿರುದು ಮಾತ್ರ. ಆದರೆ ಆ ಬಿರುದು ಹಿಡಿದುಕೊಂಡೇ ಮುಮ್ಮಡಿಯವರು ರಾಜ್ಯ ವಾಪಸ್ ಕೊಡಿ ಅಂತ ಕೇಳುತ್ತಲೇ ಇದ್ದರು. ಅವರು 1868ರಲ್ಲಿ ತೀರಿಕೊಂಡರು. 1881ರಲ್ಲಿ ಅವರ ದತ್ತುಮಗ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂತು.

ದಳವಾಯಿ, ಹೈದರ್, ಕಂಪನಿ: ಹೊತ್ತವರು ಒಬ್ಬೊಬ್ಬರಾಗಿ ಇಳಿದು ಹೋದರು. ಪಲ್ಲಕ್ಕಿ ಮೇಲಿದ್ದ ಮನೆತನ ಉಳೀತು.

ಹಾಗಾಗಿ ಇನ್ನೊಂದ್ಸಲ ಯಾರನ್ನಾದ್ರೂ ಉತ್ಸವಮೂರ್ತಿ ಅಂತ ನಗೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ಇಷ್ಟೆಲ್ಲ ಬಲ ಇರೋರಿಗೂ ಹೊರೋಕೆ ಒಂದು ಮೂರ್ತಿ ಯಾಕೆ ಬೇಕಾಯ್ತು?