ಹದಿಮೂರು, ಶುಕ್ರವಾರ ಮತ್ತು ನಮ್ಮ ಅಂತೋಣಿಯವರು



ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಮಂಗಳವಾರ ಹೊಸ ಅಂಗಡಿ ತೆರೆಯುವವರು ಕಡಿಮೆ. ಅಮಾವಾಸ್ಯೆಯಂದು ದೂರ ಪ್ರಯಾಣ ಬೇಡ ಎನ್ನುತ್ತಾರೆ. ರಾಹುಕಾಲವಂತೂ ಕನ್ನಡ, ತೆಲುಗು ಎರಡೂ ಕ್ಯಾಲೆಂಡರುಗಳಲ್ಲಿ ಅಚ್ಚಾಗಿಯೇ ಬರುತ್ತದೆ. ಇದೆಲ್ಲ ನೆರೆಹೊರೆಯವರ ನಂಬಿಕೆ ಎಂದು ಹೇಳಿಕೊಂಡರೂ, ಮಗಳ ಮದುವೆಗೆ ದಿನ ಗೊತ್ತುಮಾಡುವಾಗ ನಮ್ಮ ಮನೆಗಳಲ್ಲೂ ಯಾರಾದರೊಬ್ಬರು ಮೆಲ್ಲಗೆ ಕ್ಯಾಲೆಂಡರ್ ತಿರುವಿ ನೋಡುತ್ತಾರೆ. ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನು ಕೂಡ ‘ಇವತ್ತು ಮಂಗಳವಾರ’ ಎಂದು ನಾಳೆಗೆ ತಳ್ಳುವವರಿದ್ದಾರೆ. ಇದರ ಮೇಲೆ ಸಿನಿಮಾ, ಮೊಬೈಲ್‌ಗಳಿಂದ ಬಂದ ಇನ್ನೊಂದು ಭಯವಿದೆ: 13ನೇ ತಾರೀಖಿನ ಶುಕ್ರವಾರ.

ಇದು ಕ್ರೈಸ್ತರದ್ದೇ ಭಯ ಎಂದು ಎಷ್ಟೋ ಜನ ತಿಳಿದಿದ್ದಾರೆ. ಕಡೆಯ ಭೋಜನಕ್ಕೆ ಕೂತವರು ಹದಿಮೂರು ಮಂದಿ, ಪ್ರಭು ಶಿಲುಬೆಯಲ್ಲಿ ಪ್ರಾಣಬಿಟ್ಟದ್ದು ಶುಕ್ರವಾರ ಎಂದು ಕಾರಣ ಕೊಡುತ್ತಾರೆ. ಆದರೆ ಆ ಶುಕ್ರವಾರವನ್ನು ನಾವು ಕರೆಯುವುದೇ ಶುಭ ಶುಕ್ರವಾರ ಎಂದು! ಫ್ರಾನ್ಸಿನಲ್ಲಿ 1307ರ ಅಕ್ಟೋಬರ್ 13, ಶುಕ್ರವಾರ, ಟೆಂಪ್ಲರ್ ಯೋಧರನ್ನು ಸೆರೆಹಿಡಿದ ಕಥೆಯನ್ನೂ ಹೇಳುತ್ತಾರೆ. ಸೆರೆ ಹಿಡಿದದ್ದು ನಿಜ. ಅದನ್ನು ಈ ಭಯಕ್ಕೆ ಗಂಟುಹಾಕಿದ್ದು ಮಾತ್ರ ತೀರಾ ಈಚೆಗೆ.

ಈಗ ನಮ್ಮ ಪಾದುವಾದ ಸಂತ ಅಂತೋಣಿಯವರ ವಿಷಯಕ್ಕೆ ಬರೋಣ. ಅವರು ತೀರಿಕೊಂಡದ್ದು 1231ರ ಜೂನ್ 13ರಂದು. ಹಳೆಯ ಜೂಲಿಯನ್ ಪಂಚಾಂಗದ ಪ್ರಕಾರ ಅದು ಯಾವ ವಾರ ಎಂದು ಲೆಕ್ಕ ಹಾಕಿದರೆ ಶುಕ್ರವಾರವೇ ಬರುತ್ತದೆ. ಸಮಾಧಿಯಾದದ್ದು ಮುಂದಿನ ಮಂಗಳವಾರ. ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಅವರನ್ನು ಸಂತರೆಂದು ಸಾರಲಾಯಿತು. 13 ಅವರ ಹಬ್ಬದ ತಾರೀಖಾಯಿತು, ಮಂಗಳವಾರ ಅವರ ಪ್ರಾರ್ಥನೆಯ ದಿನವಾಯಿತು. ಮೈಸೂರು ಜಿಲ್ಲೆಯ ಡೋರ್ನಹಳ್ಳಿ ಪುಣ್ಯಕ್ಷೇತ್ರಕ್ಕೆ ಮಂಗಳವಾರ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ. ಅಂಗಡಿ ತೆರೆಯಲು ಬೇಡವಾದ ವಾರವೇ ಅಲ್ಲಿ ಬೇಕಾದ ವಾರ.

ಇಟಲಿಯ ಜನರನ್ನು ನೋಡಿ. ಅಂತೋಣಿಯವರ ಹಬ್ಬಕ್ಕೆ ಅವರು ನೊವೆನಾದ ಒಂಬತ್ತು ದಿನಕ್ಕೆ ನಿಲ್ಲದೆ ಹದಿಮೂರು ದಿನ ಪ್ರಾರ್ಥಿಸುತ್ತಾರೆ. ಅವರು ಹೆದರುವ ಸಂಖ್ಯೆ 17! ರೋಮನ್ ಅಂಕಿಯಲ್ಲಿ ಬರೆದ 17ರ ಅಕ್ಷರಗಳನ್ನು ಅದಲುಬದಲು ಮಾಡಿದರೆ ಲ್ಯಾಟಿನ್‌ನಲ್ಲಿ ‘ಬದುಕಿದ್ದೆ’, ಅಂದರೆ ಈಗಿಲ್ಲ, ಎಂಬ ಅರ್ಥ ಬರುತ್ತದಂತೆ. ಜಪಾನಿನಲ್ಲಿ 4 ಬೇಡ, ಅದರ ಉಚ್ಚಾರ ಸಾವು ಎಂಬ ಪದದಂತಿದೆ. ದೇಶ ಬದಲಾದರೆ ಸಂಖ್ಯೆಯೂ ಬದಲು.

ನಾವೆಲ್ಲ ಈಗ ಬಳಸುವ ಕ್ಯಾಲೆಂಡರನ್ನು 1582ರಲ್ಲಿ ಜಾರಿಗೆ ತಂದವರ ಹೆಸರಿನಲ್ಲೇ ಹದಿಮೂರಿದೆ, ಜಗದ್ಗುರು ಹದಿಮೂರನೇ ಗ್ರೆಗೊರಿ. ಅದನ್ನು ಮೊದಲು ಒಪ್ಪಿದ ದೇಶಗಳಲ್ಲಿ ಆ ವರ್ಷ ಅಕ್ಟೋಬರ್ 4ರ ಮಾರನೆಯ ದಿನವೇ 15 ಆಯಿತು. ಆ ತಿಂಗಳು 13ನೇ ತಾರೀಖೇ ಇರಲಿಲ್ಲ! ಈ ಕ್ಯಾಲೆಂಡರಿನ 400 ವರ್ಷಗಳಲ್ಲಿ 4,800 ಬಾರಿ 13 ಬರುತ್ತದೆ. ಅದರಲ್ಲಿ ಶುಕ್ರವಾರ ಬೀಳುವುದು 688 ಬಾರಿ, ಉಳಿದ ಯಾವ ವಾರಕ್ಕಿಂತಲೂ ಹೆಚ್ಚು. ಹೆದರುವುದಾದರೆ ಹೆದರುತ್ತಲೇ ಇರಬೇಕು.

ಅಮಾವಾಸ್ಯೆಯದೂ ಅಷ್ಟೆ. ದೀಪಾವಳಿಯ ಅಮಾವಾಸ್ಯೆಯಂದೇ ನಮ್ಮ ಬಜಾರಿನ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ ನಡೆಯುತ್ತದೆ.

ದಿನ, ತಿಂಗಳುಗಳನ್ನು ಹಿಡಿದುಕೊಂಡು ನಡೆಯುವ ಕಾಟ ಮೊದಲ ಶತಮಾನದಲ್ಲೇ ಇತ್ತು. ಗಲಾತ್ಯರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಸಂತ ಪೌಲರು ಇದಕ್ಕಾಗಿಯೇ ಬೇಸರಪಡುತ್ತಾರೆ. ಹಾಗಾದರೆ ತಪಸ್ಸುಕಾಲದಲ್ಲಿ ನಾವೂ ಮದುವೆ ಇಟ್ಟುಕೊಳ್ಳುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದು ಉಪವಾಸ, ಪ್ರಾರ್ಥನೆಯ ಕಾಲ, ಸಂಭ್ರಮಕ್ಕೆ ಒಗ್ಗುವುದಿಲ್ಲ ಎಂಬುದಷ್ಟೇ ಕಾರಣ. ಆಗ ಮದುವೆಯಾದ ಜೋಡಿಗೆ ಕೇಡಾಗುತ್ತದೆ ಎಂದು ಧರ್ಮಸಭೆ ಹೇಳಿಲ್ಲ.